ಐವತ್ತು ತಂತಿಗೆ ಐವತ್ತು ಕಿವಿ

1986ರ ಆಗಸ್ಟ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಹುಡುಕುವ ಕೆಲಸ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಪಾಲಿಗೆ ಬಂತು. ಹೊರಗಿನವರು ಯಾರೋ ನುಸುಳುತ್ತಿದ್ದಾರೆಂಬುದು ಖಾತ್ರಿಯಾಯಿತು. ಆದರೆ ಒಳಬರುವ ಸುಮಾರು 50 ತಂತಿಗಳಲ್ಲಿ ಯಾವುದರಿಂದ? ಕಂಪ್ಯೂಟರಿನೊಳಗೇ ಕಾವಲು ಕೂರಿಸಿದರೆ ಕಳ್ಳನ ಕಣ್ಣಿಗೆ ಬೀಳುತ್ತದೆ. ಒಂದು ಶುಕ್ರವಾರ ಸ್ಟಾಲ್ ಸಹೋದ್ಯೋಗಿಗಳ ಮೇಜುಗಳಿಂದ ಪ್ರಿಂಟರ್, ಟರ್ಮಿನಲ್‌ಗಳನ್ನು ಹೊತ್ತು ತಂದು ತಂತಿಗೊಂದರಂತೆ ಜೋಡಿಸಿ, ಅಲ್ಲೇ ನೆಲದ ಮೇಲೆ ಮಲಗಿದರು. ಆ ವಾರಾಂತ್ಯ ಒಂದೇ ಒಂದು ಪ್ರಿಂಟರ್ ಕಳ್ಳನ ಪ್ರತಿ ಅಕ್ಷರವನ್ನೂ ಕಾಗದಕ್ಕಿಳಿಸಿತು. ಜಾಡು ಕೊನೆಗೆ ಜರ್ಮನಿಯ ಹ್ಯಾನೋವರ್ ತಲುಪಿತು.

ಆ ರಾತ್ರಿ ಎದ್ದ ಎರಡು ಪ್ರಶ್ನೆಗಳೇ ಇಂದಿನ ‘ಪ್ಯಾಕೆಟ್ ಬ್ರೋಕರ್’ ಯಂತ್ರದ ಬೇರು ಎಂದು ನಾನು ನಂಬುತ್ತೇನೆ. ಗೊತ್ತಾಗದಂತೆ ಕೇಳುವುದು ಹೇಗೆ? ಅಷ್ಟು ತಂತಿಗೆ ಅಷ್ಟು ಕಿವಿ ಎಲ್ಲಿಂದ ತರುವುದು?

ಕಚೇರಿಯೊಳಗಿನ ಜಾಲದಲ್ಲಿ ಆಗಿನ್ನೂ ಈ ಕಷ್ಟವಿರಲಿಲ್ಲ. 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಹುಟ್ಟಿದ ಈಥರ್ನೆಟ್ ಒಂದು ವಠಾರದಂತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್, ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತಿತ್ತು. 1990ರಲ್ಲಿ ಬಂದ ಈಥರ್ನೆಟ್ ಸ್ವಿಚ್ ವಠಾರವನ್ನು ಬೇರೆ ಬೇರೆ ಮನೆಗಳಾಗಿ ಒಡೆಯಿತು. ಅದನ್ನು ತಯಾರಿಸಿದ ಕಂಪನಿಯ ಹೆಸರು ‘ಕಲ್ಪನಾ’. ಸಹಸ್ಥಾಪಕ ವಿನೋದ್ ಭಾರದ್ವಾಜ್ ಇಟ್ಟಿದ್ದು ಹೆಂಡತಿಯ ಹೆಸರನ್ನು. ಈಗ ಇಬ್ಬರ ಮಾತು ಇಬ್ಬರಿಗೆ ಮಾತ್ರ. ಕೇಳಬೇಕಾದ ಕಾವಲುಗಾರನೂ ಹೊರಗುಳಿದ.

ಸ್ವಿಚ್ಚಿನಲ್ಲೇ ಒಂದು ಕಿಂಡಿ ಬಿಟ್ಟು, ಓಡಾಡುವುದರ ನಕಲನ್ನು ಅಲ್ಲಿ ಸುರಿಯುವುದು ಮೊದಲ ಉಪಾಯ. ಇದು ‘ಮಿರರ್ ಪೋರ್ಟ್’. ಆದರೆ ಒಂದು ಗಿಗಾಬಿಟ್ ತಂತಿಯಲ್ಲಿ ಹೋಗುವುದೂ ಬರುವುದೂ ಸೇರಿದರೆ ಎರಡು ಗಿಗಾಬಿಟ್, ಕಿಂಡಿಯ ಅಗಲ ಒಂದೇ. ಒತ್ತಡ ಹೆಚ್ಚಿದಾಗ ಸ್ವಿಚ್ ಅಸಲನ್ನು ಉಳಿಸಿಕೊಂಡು ನಕಲನ್ನು ಕೈಬಿಡುತ್ತದೆ. ದಾಳಿಯಾದಾಗ, ಅಂದರೆ ಕಿವಿ ಚುರುಕಾಗಿರಬೇಕಾದ ಗಳಿಗೆಯಲ್ಲೇ, ಅದು ಮಂದವಾಗುತ್ತದೆ.

ತಂತಿಯ ನಡುವೆಯೇ ಕೂರಿಸುವ ‘ಟ್ಯಾಪ್’ ಬಂದದ್ದು ಅದಕ್ಕಾಗಿ. ಅಂಗೈ ಮೇಲಿಟ್ಟು ನೋಡಿದರೆ ಪುಟ್ಟ ಡಬ್ಬಿ, ಒಳಗೆ ಗಾಜಿನೆಳೆ. ಮಾಹಿತಿ ಹೊತ್ತು ಹಾದುಹೋಗುವ ಬೆಳಕಿನಲ್ಲಿ 70 ಪಾಲು ತನ್ನ ದಾರಿ ಹಿಡಿದರೆ, 30 ಪಾಲು ಪಕ್ಕಕ್ಕೆ ಕವಲೊಡೆಯುತ್ತದೆ. ಇದಕ್ಕೆ ವಿದ್ಯುತ್ ಬೇಡ, ಜಾಲದಲ್ಲಿ ವಿಳಾಸವೂ ಇಲ್ಲ. ಸ್ಟಾಲ್ ಅವರ ಪ್ರಿಂಟರಿನಷ್ಟೇ ಮೌನಿ.

ಉಳಿದದ್ದು ಎರಡನೆಯ ಪ್ರಶ್ನೆ. ನೂರಾರು ಟ್ಯಾಪ್‌ಗಳು, ಪ್ರತಿಯೊಂದರಿಂದ ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಎರಡೆರಡು ಎಳೆ. ಕೇಳುವ ಉಪಕರಣಗಳೋ ದುಬಾರಿ, ಇರುವುದು ಕೆಲವೇ. 2000ದ ದಶಕದಲ್ಲಿ ನಡುವೆ ಬಂದು ಕುಳಿತದ್ದೇ ಬ್ರೋಕರ್. ಮಂಡಿಯ ದಲ್ಲಾಳಿ ಹತ್ತಾರು ಊರಿನ ಗಾಡಿಗಳ ಮಾಲನ್ನು ಒಟ್ಟುಮಾಡಿ, ಆರಿಸಿ, ಬೇಕಾದವರಿಗೆ ಬೇಕಾದ್ದನ್ನು ಕಳಿಸುವಂತೆ ಇದು ಎಲ್ಲ ಎಳೆಗಳನ್ನೂ ಕೂಡಿಸಿ, ಎರಡು ಕಡೆ ಸಿಕ್ಕ ಒಂದೇ ಪ್ಯಾಕೆಟ್ಟಿನ, ಅಂದರೆ ಮಾಹಿತಿ ತುಣುಕಿನ, ಒಂದು ಪ್ರತಿಯನ್ನು ತೆಗೆದು, ಫೋನ್ ಕರೆಗಳನ್ನು ಒಂದು ಉಪಕರಣಕ್ಕೆ, ಮೇಲ್ ಅನ್ನು ಇನ್ನೊಂದಕ್ಕೆ ಹಂಚುತ್ತದೆ.

ಒಂದೇ ಬಗೆಯ ನಾಲ್ಕು ಉಪಕರಣಗಳಿಗೆ ಹೊರೆ ಹಂಚುವಾಗ ಮಾತ್ರ ಎಚ್ಚರ ಬೇಕು. ಪ್ರಶ್ನೆ ಒಂದಕ್ಕೆ, ಉತ್ತರ ಇನ್ನೊಂದಕ್ಕೆ ಹೋದರೆ ಎರಡಕ್ಕೂ ಅರ್ಥವಾಗದು. ಅದಕ್ಕೇ ಬ್ರೋಕರ್ ಎರಡೂ ತುದಿಯ ವಿಳಾಸಗಳನ್ನು ಹಿಡಿದು ಒಂದು ಲೆಕ್ಕ ಕಟ್ಟುತ್ತದೆ. ಕಳಿಸಿದವರು, ಪಡೆದವರು ಅದಲುಬದಲಾದರೂ ಫಲಿತಾಂಶ ಒಂದೇ ಬರುವಂಥ ಲೆಕ್ಕ ಅದು. ಆ ಫಲಿತಾಂಶ ತೋರಿಸಿದ ಉಪಕರಣಕ್ಕೇ ಇಡೀ ಮಾತುಕತೆ ಹೋಗುತ್ತದೆ.