ಮುಖ್ಯಸ್ಥನಿಗೂ ಒಬ್ಬ ಗುರು ಬೇಕು

ಕ್ರಿಕೆಟ್ ಆಟಗಾರನಿಗೆ ಕೋಚ್ ಇರುತ್ತಾನೆ. ನಮ್ಮ ಮಕ್ಕಳ ಪರೀಕ್ಷೆಗೂ ಕೋಚಿಂಗ್ ಇದೆ. ಆದರೆ ಸಾವಿರಾರು ಮಂದಿಗೆ ಕೆಲಸ ಕೊಟ್ಟ ಕಂಪೆನಿಯ ಮುಖ್ಯಸ್ಥನಿಗೆ ಹೇಳಿಕೊಡುವವರು ಯಾರು? ಅವನ ಮುಂದೆ ತಲೆಯಾಡಿಸುವವರೇ ಹೆಚ್ಚು, ನಿಜ ಹೇಳುವವರು ಕಡಿಮೆ. ಕೆಲವು ಮನೆಗಳ ಯಜಮಾನರ ಸ್ಥಿತಿಯೂ ಹೀಗೆಯೇ ಎಂದು ನೀವು ನಗಬಹುದು.

ಅಮೆರಿಕದ ಜಾರ್ಜಿಯಾ ರಾಜ್ಯದ ರೇ ಆಂಡರ್ಸನ್ 1973ರಲ್ಲಿ ಇಂಟರ್‌ಫೇಸ್ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಕಚೇರಿಗಳ ನೆಲಕ್ಕೆ ಹಾಸುವ ಚೌಕಾಕಾರದ ಕಾರ್ಪೆಟ್ ತುಂಡುಗಳನ್ನು ತಯಾರಿಸುವುದು ಅವರ ಉದ್ಯಮ. ಅದರ ನೈಲಾನ್ ನೂಲು ಪೆಟ್ರೋಲಿಯಮ್‌ನಿಂದ ಬರುತ್ತದೆ. ಹಳತಾದ ಕಾರ್ಪೆಟ್ ಕಸದ ಗುಂಡಿ ಸೇರುತ್ತದೆ. ಕಾನೂನು ಪಾಲಿಸಿದರೆ ಸಾಕು ಎಂದುಕೊಂಡಿದ್ದ ಆಂಡರ್ಸನ್ 21 ವರ್ಷ ಈ ಬಗ್ಗೆ ಚಿಂತಿಸಿರಲಿಲ್ಲ.

1994ರಲ್ಲಿ ಗಿರಾಕಿಗಳು ಕೇಳತೊಡಗಿದರು: “ಪರಿಸರಕ್ಕಾಗಿ ನಿಮ್ಮ ಕಂಪೆನಿ ಏನು ಮಾಡುತ್ತಿದೆ?” ಉತ್ತರ ಹುಡುಕಲು ಸಿಬ್ಬಂದಿಯ ಸಮಿತಿಯೊಂದು ರಚನೆಯಾಯಿತು. ತನ್ನ ಮುಂದೆ ಮಾತನಾಡುವಂತೆ ಅದು ಆಂಡರ್ಸನ್‌ರನ್ನೇ ಕರೆಯಿತು. ಹೇಳಲು ಅವರಲ್ಲಿ ಏನೂ ಇರಲಿಲ್ಲ.

ಅದೇ ಸಮಯದಲ್ಲಿ ಪಾಲ್ ಹಾಕನ್‌ರ ‘ದಿ ಇಕಾಲಜಿ ಆಫ್ ಕಾಮರ್ಸ್’ ಎಂಬ ಪುಸ್ತಕ ಅವರ ಮೇಜಿಗೆ ಬಂತು. ಅದು ಬಂದ ದಾರಿಯನ್ನು ಗಮನಿಸಿ ಸಹೋದರಿಯರೇ. ಮಗಳೊಬ್ಬಳು ಅದನ್ನು ತಾಯಿಗೆ ಕೊಟ್ಟಿದ್ದಳು. ಆ ತಾಯಿ ಇಂಟರ್‌ಫೇಸ್‌ನ ಮಾರಾಟ ವಿಭಾಗದಲ್ಲಿದ್ದರು. ಅವರು ಅದನ್ನು ಮುಖ್ಯಸ್ಥರಿಗೆ ತಲುಪಿಸಿದರು. ಓದುತ್ತಾ ಆಂಡರ್ಸನ್ ಕಣ್ಣೀರಿಟ್ಟರು. ಎದೆಗೆ ಈಟಿ ನಾಟಿದಂತಾಯಿತು ಎಂದು ಮುಂದೆ ಅವರೇ ಹೇಳಿಕೊಂಡರು. ಆಗ ಅವರ ವಯಸ್ಸು 60. ಭೂಮಿಗೆ ಕಿಂಚಿತ್ತೂ ಹಾನಿ ಮಾಡದ ಕಂಪೆನಿ ಕಟ್ಟಬೇಕು ಎಂಬ ಕನಸು ಹುಟ್ಟಿತು. 2020ರೊಳಗೆ ಅದನ್ನು ಸಾಧಿಸುವ ಗುರಿಗೆ ‘ಮಿಷನ್ ಝೀರೋ’ ಎಂದು ಹೆಸರಾಯಿತು. ಇವರಿಗೆ ತಲೆ ಕೆಟ್ಟಿತೇ ಎಂದು ಸಂಶಯಪಟ್ಟವರೂ ಇದ್ದರು.

ಕನಸು ಕಂಡರೆ ಸಾಕೇ? ಆಂಡರ್ಸನ್ ತನಗೆ ಗುರುಗಳನ್ನು ಹುಡುಕಿಕೊಂಡರು. ಹಾಕನ್, ಇಂಧನ ತಜ್ಞ ಏಮರಿ ಲೋವಿನ್ಸ್, ಪ್ರಕೃತಿಯಿಂದ ವಿನ್ಯಾಸ ಕಲಿಯಬೇಕೆನ್ನುವ ಲೇಖಕಿ ಜನೈನ್ ಬೆನ್ಯಸ್ ಮುಂತಾದವರು ಆ ಬಳಗದಲ್ಲಿದ್ದರು. ಕಾರ್ಪೆಟ್ ಮಾಡುವುದನ್ನು ಅವರು ಕಲಿಸಬೇಕಾಗಿರಲಿಲ್ಲ. ಬೇರೆ ರೀತಿ ಯೋಚಿಸುವುದನ್ನು ಕಲಿಸಿದರು.

ಒಂದು ಉದಾಹರಣೆ ನೋಡಿ. ನಿಸರ್ಗವೇ ನೆಲಹಾಸು ಮಾಡುವುದಿದ್ದರೆ ಹೇಗೆ ಮಾಡುತ್ತಿತ್ತು? ಈ ಪ್ರಶ್ನೆ ಹಿಡಿದು ವಿನ್ಯಾಸಕಾರ ಡೇವಿಡ್ ಓಕಿ ಮತ್ತು ಸಂಗಡಿಗರು ಕಾಡಿಗೆ ಹೋದರು. ಅಲ್ಲಿ ತರಗೆಲೆ, ಕಲ್ಲು, ಕಡ್ಡಿ ಬಿದ್ದ ನೆಲದಲ್ಲಿ ಒಂದು ಜಾಗದಂತೆ ಇನ್ನೊಂದಿಲ್ಲ. ಆದರೂ ಎಲ್ಲವೂ ಹೊಂದಿಕೊಂಡಿದೆ. ಹೀಗೆ 2000ದಲ್ಲಿ, ಒಂದರಂತೆ ಇನ್ನೊಂದಿಲ್ಲದ ‘ಎಂಟ್ರೊಪಿ’ ಕಾರ್ಪೆಟ್ ಬಂತು. ಮನೆಯಲ್ಲಿ ಒಂದು ಟೈಲ್ಸ್ ಒಡೆದರೆ ಅದೇ ಬಣ್ಣಕ್ಕಾಗಿ ನಾವು ಅಂಗಡಿ ಅಂಗಡಿ ಅಲೆಯುತ್ತೇವಲ್ಲವೇ? ಇಲ್ಲಿ ಆ ಚಿಂತೆಯಿಲ್ಲ. ಹಾಳಾದ ತುಂಡನ್ನು ತೆಗೆದು ಇನ್ನೊಂದನ್ನು ಇಟ್ಟರಾಯಿತು. ಕತ್ತರಿಸಿ ಬಿಸಾಡುವುದೂ ಕಡಿಮೆಯಾಯಿತು.

ಇಂಥ ಕೆಲಸದಿಂದ ವ್ಯಾಪಾರ ಮುಳುಗಲಿಲ್ಲವೇ? ವ್ಯರ್ಥವಾಗುವುದನ್ನು ತಡೆದೇ 40 ಕೋಟಿ ಡಾಲರ್ ಉಳಿತಾಯವಾಗಿದೆ ಎಂದು ಆಂಡರ್ಸನ್ 2009ರಲ್ಲಿ ತಿಳಿಸಿದರು. 2011ರಲ್ಲಿ ಅವರು ನಿಧನರಾದರು. ಗುರಿ ತಲುಪಿದ್ದೇವೆ ಎಂದು ಕಂಪೆನಿ ಘೋಷಿಸಿದ್ದು 2019ರಲ್ಲಿ. ಅದನ್ನು ಕೇಳಲು ಅವರಿರಲಿಲ್ಲ.

ಇದರಲ್ಲಿ ನಮಗೇನಿದೆ ಎಂದು ನೀವು ಕೇಳಬಹುದು. ನಿಮ್ಮ ಪತಿಗೆ ಅಂಗಡಿಯಿರಬಹುದು, ಮಗ ದೂರದ ಊರಿನ ಕಂಪೆನಿಯಲ್ಲಿ ಅಧಿಕಾರಿಯಾಗಿರಬಹುದು. ವ್ಯಾಪಾರ ಹೇಗಿದೆ, ಸಂಬಳ ಹೆಚ್ಚಾಯಿತೇ ಎಂದು ನಾವು ಕೇಳುತ್ತೇವೆ. ಆ ಕೆಲಸದಿಂದ ಯಾರಿಗೆ ಒಳಿತಾಗುತ್ತಿದೆ, ಯಾರಿಗೆ ಕೆಡುಕಾಗುತ್ತಿದೆ ಎಂದು ಕೇಳಿದ್ದೇವೆಯೇ? ಹಾಗೆ ಕೇಳುವಾಗ ದೂರುವ ದನಿ ಬೇಡ. ಅವರು ಹೊಸ ದಾರಿ ಹಿಡಿದಾಗ ನಾಲ್ಕು ಜನ ನಕ್ಕರೆ, ನೀವು ಜೊತೆಗೆ ನಿಲ್ಲಿರಿ. ಮಗಳು ತಾಯಿಯ ಕೈಗೆ ಕೊಟ್ಟ ಒಂದು ಪುಸ್ತಕದಿಂದ ಇಷ್ಟೆಲ್ಲ ಆಯಿತು ಎಂಬುದು ನಿಮ್ಮ ನೆನಪಿನಲ್ಲಿರಲಿ.