ಮುಂದಿನ ಬೈಕಿನ ಸಿಸಿ ಎಷ್ಟು? ಉತ್ತರ ಜಿಎಸ್‌ಟಿ ಪಟ್ಟಿಯಲ್ಲಿದೆ

ಚಿಕ್ಕಪ್ಪನ ಮಗ ತಿಪಟೂರಿನಿಂದ ಫೋನ್ ಮಾಡಿದ್ದ. ಕೆಲಸಕ್ಕೆ ದಿನಾ ತುಮಕೂರಿಗೆ ರೈಲಿನಲ್ಲಿ ಓಡಾಡೋ ಹುಡುಗ. ಆಯುಧಪೂಜೆಗೆ ಬೈಕ್ ತಗೋಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಡ್ತಿದ್ದ. ಆಯುಧಪೂಜೆ ಆಯ್ತು, ದೀಪಾವಳಿನೂ ಮುಗೀತು, ಬೈಕ್ ಬರಲಿಲ್ಲ. ಯಾಕೋ ಅಂದೆ.

"ಅಣ್ಣಾ, 400 ಸಿಸಿ ಗಾಡೀನೇ 350ಕ್ಕೆ ಇಳಿಸ್ತಾರಂತೆ. ಮುಂದಿನ ವರ್ಷ ಬರತ್ತಂತೆ. ಕಾಯ್ಲಾ, ಇರೋದನ್ನೇ ತಗೊಂಡ್ಬಿಡ್ಲಾ?"

ಈ 'ಅಂತೆ'ಗಳ ಲೋಕ ನನಗೆ ಚೆನ್ನಾಗಿ ಗೊತ್ತು. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನಾವು ಇಂಟರ್ನಲ್ಸ್‌ಗೆ ಓದಿದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಕೆಟಿಎಂ ಡ್ಯೂಕ್ ಭಾರತಕ್ಕೆ ಎಷ್ಟು ಸಿಸಿಯಲ್ಲಿ ಬರುತ್ತೆ ಅನ್ನೋದರ ಬಗ್ಗೆ. 125 ಅಂತ ಒಬ್ಬ, 200 ಅಂತ ಇನ್ನೊಬ್ಬ. 2012ರ ಜನವರಿಯಲ್ಲಿ 200 ಬಂತು. ಗೆದ್ದವನು ಒಂದು ವಾರ ಮೆಸ್ಸಿನಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದ.

ಆಗ ಅದು ಬರೀ ಮೋಜು. ಈಗ ಹಾಗಿಲ್ಲ. ಈಗ ಸಿಸಿ ಊಹೆ ಮಾಡೋದು ಅಂದರೆ ನಲವತ್ತು ಸಾವಿರ ರೂಪಾಯಿಯ ಲೆಕ್ಕ. ಅದರ ಹಿಂದೆ ಎಂಜಿನಿಯರ್‌ಗಿಂತ ಹೆಚ್ಚಾಗಿ ಸರ್ಕಾರದ ಕೈ ಇದೆ.

ಒಂದೆರಡು ಸಿಸಿಗೆ 44 ಸಾವಿರ

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎಲ್ಲ ಪೆಟ್ರೋಲ್ ಬೈಕ್‌ಗಳಿಗೂ ಶೇ 28 ತೆರಿಗೆ ಇತ್ತು. ಎಂಜಿನ್ 350 ಸಿಸಿ ದಾಟಿದರೆ ಮೇಲೆ ಶೇ 3 ಸೆಸ್. ಅಂದರೆ ಗೆರೆ ಆಗಲೂ ಇತ್ತು, ಆದರೆ ಸಣ್ಣ ಗೆರೆ.

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ಅದನ್ನೇ ಗೋಡೆ ಮಾಡಿತು. ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕ್‌ಗೆ ಶೇ 18, ಅದನ್ನು ದಾಟಿದರೆ ಶೇ 40.

ಒಂದು ಲೆಕ್ಕ ಹಾಕೋಣ. ತೆರಿಗೆಗೆ ಮುಂಚೆ ತಲಾ 2 ಲಕ್ಷ ಬೆಲೆಯ ಎರಡು ಬೈಕ್ ಇವೆ ಅಂದುಕೊಳ್ಳಿ. ಒಂದು 349 ಸಿಸಿ, ಇನ್ನೊಂದು 351. ಹಳೇ ಲೆಕ್ಕದಲ್ಲಿ ಮೊದಲನೆಯದು 2,56,000, ಎರಡನೆಯದು 2,62,000. ವ್ಯತ್ಯಾಸ 6 ಸಾವಿರ. ಹೊಸ ಲೆಕ್ಕದಲ್ಲಿ ಮೊದಲನೆಯದು 2,36,000, ಎರಡನೆಯದು 2,80,000. ವ್ಯತ್ಯಾಸ 44 ಸಾವಿರ! ಸಾಲದ್ದಕ್ಕೆ, ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ಗೆರೆಯೂ 350ರಲ್ಲೇ ಇದೆ. 2022ರಲ್ಲಿ ನಿಗದಿಯಾದ ದರದ ಪ್ರಕಾರ ಅದರ ಕೆಳಗೆ ವರ್ಷಕ್ಕೆ 1,366 ರೂಪಾಯಿ, ಮೇಲೆ 2,804.

ಗೆರೆಯ ಈಚೆ ನಿಂತವರಿಗೆ ಹಬ್ಬ. ರಾಯಲ್ ಎನ್‌ಫೀಲ್ಡ್ ತನ್ನ 350 ಸಿಸಿ ಬೈಕ್‌ಗಳ ಬೆಲೆಯನ್ನು 22 ಸಾವಿರದವರೆಗೆ ಇಳಿಸಿತು. ಒಂದು ಕಾಲದಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗ್ತಿದ್ದ ಜಾವಾ, ಯೆಜ್ಡಿ ಹೆಸರಿನ ಬೈಕ್‌ಗಳು ಈಗ ಮಧ್ಯಪ್ರದೇಶದ ಪೀಥಂಪುರದಿಂದ ಬರ್ತಿವೆ. ಅವುಗಳ 334 ಸಿಸಿ ಎಂಜಿನ್ನೂ ಈಚೆಗೇ ಇದೆ. ಆಚೆ ಸಿಕ್ಕಿಹಾಕಿಕೊಂಡಿದ್ದು ಟ್ರಯಂಫ್ ಸ್ಪೀಡ್ 400, ಕೆಟಿಎಂ 390, ಹಾರ್ಲೆ ಎಕ್ಸ್440, ಹಿಮಾಲಯನ್ 450, 650ರ ಜೋಡಿ ಸಿಲಿಂಡರ್ ಬೈಕ್‌ಗಳು. ನನ್ನ ತಮ್ಮನ 'ಅಂತೆ' ಹುಟ್ಟಿದ್ದು ಇಲ್ಲಿಂದ.

400ನ್ನು 350 ಮಾಡೋದು ಹೇಗೆ?

ಸಿಸಿ ಅಂದರೆ ಘನ ಸೆಂಟಿಮೀಟರ್. ಪಿಸ್ಟನ್ ಕೆಳಗಿಂದ ಮೇಲಕ್ಕೆ ಹೋಗುವಾಗ ಸಿಲಿಂಡರಿನೊಳಗೆ ಎಷ್ಟು ಜಾಗ ಗುಡಿಸಿಕೊಂಡು ಹೋಗುತ್ತೋ ಅಷ್ಟು. ಸಿಲಿಂಡರಿನ ಅಗಲಕ್ಕೆ ಬೋರ್ ಅಂತಾರೆ, ಪಿಸ್ಟನ್ ಓಡೋ ದೂರಕ್ಕೆ ಸ್ಟ್ರೋಕ್. ಒಂಬತ್ತನೇ ತರಗತಿಯ ಸಿಲಿಂಡರ್ ಸೂತ್ರ ನೆನಪಿದ್ದರೆ ಸಾಕು.

ಸ್ಪೀಡ್ 400ರ ಬೋರ್ 89 ಮಿ.ಮೀ., ಸ್ಟ್ರೋಕ್ 64. ಗುಣಿಸಿದರೆ 398 ಸಿಸಿ. ಬೋರ್ ಹಾಗೇ ಇಟ್ಟು ಸ್ಟ್ರೋಕನ್ನು 56ಕ್ಕೆ ಇಳಿಸಿ: 348 ಸಿಸಿ. ಇಲ್ಲವೇ ಸ್ಟ್ರೋಕ್ ಹಾಗೇ ಬಿಟ್ಟು ಬೋರನ್ನು 83ಕ್ಕೆ ಇಳಿಸಿ: 346. ಗೆರೆ ದಾಟಿ ಈಚೆ ಬರೋಕೆ ಎರಡು ದಾರಿ.

ಹೇಳೋದು ಸುಲಭ. ಬೋರ್ ಚಿಕ್ಕದಾದರೆ ಹೊಸ ಸಿಲಿಂಡರ್, ಹೊಸ ಪಿಸ್ಟನ್ ಬೇಕು. ಮೇಲಿನ ವಾಲ್ವ್‌ಗಳೂ ಆ ಅಗಲಕ್ಕೆ ಕೂರಬೇಕು. ಸ್ಟ್ರೋಕ್ ಕಡಿಮೆಯಾದರೆ ಕ್ರ್ಯಾಂಕ್ ಬದಲಾಗಬೇಕು. 8 ಮಿ.ಮೀ. ಸ್ಟ್ರೋಕ್ ಕಡಿಮೆ ಆದಾಗ ಪಿಸ್ಟನ್ ಮೊದಲಿಗಿಂತ 4 ಮಿ.ಮೀ. ಕೆಳಗೇ ನಿಂತುಬಿಡುತ್ತೆ. ಆ ಜಾಗ ತುಂಬೋಕೆ ಕನೆಕ್ಟಿಂಗ್ ರಾಡನ್ನು ಅಷ್ಟು ಉದ್ದ ಮಾಡಬೇಕು, ಇಲ್ಲಾ ಸಿಲಿಂಡರನ್ನು ಅಷ್ಟು ಗಿಡ್ಡ ಮಾಡಬೇಕು. ಆಮೇಲೆ ಇಂಧನದ ಟ್ಯೂನಿಂಗ್, ಹೊಗೆ ಪರೀಕ್ಷೆ, ಸರ್ಕಾರದ ಅನುಮೋದನೆ ಎಲ್ಲ ಮತ್ತೆ ಮೊದಲಿನಿಂದ.

ಸವಾರನಿಗೆ ಏನಾಗುತ್ತೆ? ಉಳಿದದ್ದೆಲ್ಲ ಹಾಗೇ ಇದ್ದರೆ ಎಂಜಿನ್ ಎಂಟರಲ್ಲಿ ಒಂದು ಪಾಲು ಚಿಕ್ಕದಾದಾಗ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. 40 ಅಶ್ವಶಕ್ತಿ ಇದ್ದದ್ದು 35ರ ಆಸುಪಾಸು. ಇದು ನನ್ನ ಅಂದಾಜು, ಕಂಪನಿಯ ಅಂಕಿ ಅಲ್ಲ.

ಕಂಪನಿಗಳಿಗೆ ಇನ್ನೊಂದು ತಲೆನೋವು ಇದೆ. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗೋ ಈ ಬೈಕ್‌ಗಳು ಹೊರದೇಶಗಳಿಗೂ ಹೋಗುತ್ತವೆ. ಯುರೋಪಿನಲ್ಲಿ ಎ2 ಅನ್ನೋ ಮಧ್ಯಮ ಲೈಸೆನ್ಸಿನ ಗೆರೆ ಇರೋದು ಸಿಸಿ ಮೇಲಲ್ಲ, ಶಕ್ತಿ ಮೇಲೆ, 35 ಕಿಲೋವ್ಯಾಟ್. 400 ಸಿಸಿ ಎಂಜಿನ್ ಅದರೊಳಗೆ ಆರಾಮಾಗಿ ಕೂರುತ್ತೆ. ಅಲ್ಲಿಗೆ 400, ಇಲ್ಲಿಗೆ 350 ಅಂತ ಎರಡೆರಡು ಎಂಜಿನ್ ಮಾಡಿದರೆ ಬಿಡಿಭಾಗಗಳೂ ಎರಡೆರಡು. ಆ ಖರ್ಚು ಹೆಚ್ಚೋ, ಶೇ 40 ತೆರಿಗೆಯಿಂದ ಕಳಕೊಳ್ಳೋ ಗಿರಾಕಿಗಳು ಹೆಚ್ಚೋ? ಕಂಪನಿಗಳ ಒಳಗೆ ನಡೆಯೋ ಲೆಕ್ಕ ಇದೇ. ಹಾಗಾಗಿ ನನ್ನ ತಮ್ಮ ಕೇಳಿದ್ದು ಪೆದ್ದು ಪ್ರಶ್ನೆ ಏನಲ್ಲ.

ಗೆರೆ ಅಳೆದದ್ದು ಏನನ್ನು?

ಶೇ 40ರ ಪಟ್ಟಿ ಇರೋದು ದುಶ್ಚಟ ಮತ್ತು ಐಷಾರಾಮಿ ಸರಕುಗಳಿಗೆ ಅಂತ ಸರ್ಕಾರವೇ ಹೇಳಿದೆ. ಸೋಡಾ ತುಂಬಿದ ಸಿಹಿ ಪಾನೀಯಗಳು ಅಲ್ಲಿವೆ, ದೊಡ್ಡ ಕಾರುಗಳು ಅಲ್ಲಿವೆ. ಐಷಾರಾಮಕ್ಕೆ ಹೆಚ್ಚು ತೆರಿಗೆ ಅನ್ನೋ ತತ್ವಕ್ಕೆ ನನ್ನ ತಕರಾರಿಲ್ಲ. ಉಳ್ಳವರು ಹೆಚ್ಚು ಕೊಡಲಿ. ಪ್ರಶ್ನೆ ಏನಂದ್ರೆ, ಸಿಸಿ ಐಷಾರಾಮವನ್ನು ಅಳೆಯುತ್ತಾ?

ಎರಡು ಬೈಕ್ ಎದುರುಬದುರು ನಿಲ್ಲಿಸಿ ನೋಡಿ. ರಾಯಲ್ ಎನ್‌ಫೀಲ್ಡ್ ಸ್ಕ್ರ್ಯಾಮ್ 440: 443 ಸಿಸಿ, ಸುಮಾರು 25 ಅಶ್ವಶಕ್ತಿ. 2025ರ ಜನವರಿಯಲ್ಲಿ ಬಂದಾಗ ಷೋರೂಂ ಬೆಲೆ 2.08 ಲಕ್ಷದಿಂದ ಶುರು. ಕವಾಸಕಿ ನಿಂಜಾ 300: 296 ಸಿಸಿ, ಎರಡು ಸಿಲಿಂಡರ್, ಸುಮಾರು 39 ಅಶ್ವಶಕ್ತಿ, ಬೆಲೆ 3 ಲಕ್ಷದ ಮೇಲೆ. ವೇಗ ಜಾಸ್ತಿ, ಬೆಲೆ ಜಾಸ್ತಿ, ಆಸೆ ಹುಟ್ಟಿಸೋದೂ ಜಾಸ್ತಿ ಎರಡನೆಯದೇ. ಆದರೆ ಶೇ 18 ತೆರಿಗೆ ಅದಕ್ಕೆ. ಹಳ್ಳಿ ರಸ್ತೆಗೂ ಒಗ್ಗೋ, ಒಂದು ಲಕ್ಷ ಅಗ್ಗದ ಮೊದಲನೆಯದಕ್ಕೆ ಶೇ 40.

ಯಾಕೆ ಹೀಗೆ ಅಂದ್ರೆ, ಎಂಜಿನ್ನಿನ ಶಕ್ತಿ ಬರೀ ಗಾತ್ರದಿಂದ ಬರಲ್ಲ. ನಿಮಿಷಕ್ಕೆ ಎಷ್ಟು ಸಲ ತಿರುಗುತ್ತೆ ಅನ್ನೋದರಿಂದಲೂ ಬರುತ್ತೆ. 349 ಸಿಸಿ ಕ್ಲಾಸಿಕ್ 350 ನಿಧಾನಕ್ಕೆ ಡುಗುಡುಗು ಅಂತ ತಿರುಗಿ 20 ಅಶ್ವಶಕ್ತಿ ಕೊಡುತ್ತೆ. ಹಳೇ 390 ಡ್ಯೂಕ್ 373 ಸಿಸಿಯಲ್ಲೇ ಜೋರಾಗಿ ತಿರುಗಿ ಅದರ ಎರಡರಷ್ಟು ಕೊಡ್ತಿತ್ತು. ಸಿಸಿ ನೋಡಿ ಬೈಕ್ ಅಳೆಯೋದು, ಪಾತ್ರೆ ಎಷ್ಟು ದೊಡ್ಡದಿದೆ ಅಂತ ನೋಡಿ ಅಡುಗೆ ರುಚಿ ಹೇಳಿದ ಹಾಗೆ.

ವಿದ್ಯುತ್ ಬೈಕ್‌ಗೆ ಪಾತ್ರೆಯೇ ಇಲ್ಲ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿಯ ಎಫ್77 ಬೈಕಿಗೆ 3 ಲಕ್ಷದ ಆಸುಪಾಸು, 36ರಷ್ಟು ಅಶ್ವಶಕ್ತಿ, ಜಿಎಸ್‌ಟಿ ಶೇ 5. ಹೊಗೆ ಇಲ್ಲದ ಗಾಡಿಗೆ ರಿಯಾಯಿತಿ ಕೊಡೋದು ನ್ಯಾಯವೇ. ಆದರೆ ಅಲ್ಲಿ 'ಐಷಾರಾಮ'ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ ಅನ್ನೋದನ್ನು ಗಮನಿಸಿ.

ಗೆರೆ ಎಳೆದರೆ ಕತ್ತರಿ ಬರುತ್ತೆ

ಇದು ಹೊಸ ಕತೆ ಅಲ್ಲ. 2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ 4 ಮೀಟರ್ ಒಳಗಿರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಮೀರಬಾರದು. ಆಮೇಲೆ ನಮ್ಮ ರಸ್ತೆಗಳಲ್ಲಿ ಹಿಂಭಾಗ ಕತ್ತರಿಸಿದ ಹಾಗಿರೋ ಪುಟ್ಟ ಸೆಡಾನ್‌ಗಳ ಸಾಲು ಶುರುವಾಯಿತು. 2008ರ ಸ್ವಿಫ್ಟ್ ಡಿಸೈರ್ 4 ಮೀಟರ್‌ಗಿಂತ ಉದ್ದ ಇತ್ತು. 2012ರದ್ದು 3,995 ಮಿ.ಮೀ. ಆ ಡಿಕ್ಕಿಗೆ ಕತ್ತರಿ ಹಾಕಿದ್ದು ಬಜೆಟ್ ಭಾಷಣ.

ಜಪಾನಿನಲ್ಲಿ ಸಾಮಾನ್ಯ ಬೈಕ್ ಲೈಸೆನ್ಸಿನ ಮಿತಿ 400 ಸಿಸಿ. ಹಾಗಾಗಿಯೇ ಅಲ್ಲಿ 399 ಸಿಸಿಯ ನಾಲ್ಕು ಸಿಲಿಂಡರ್ ಹೋಂಡಾ ದಶಕಗಟ್ಟಲೆ ಮಾರಾಟವಾಯಿತು. ಅದೇ ಜಪಾನ್ ಇತ್ತೀಚೆಗೆ ಬೇರೆ ಹೆಜ್ಜೆಯನ್ನೂ ಇಟ್ಟಿದೆ. ಅಲ್ಲಿನ 50 ಸಿಸಿ ಮೊಪೆಡ್‌ಗಳಿಗೆ ಹೊಗೆ ನಿಯಮ ಪಾಲಿಸೋದು ಕಷ್ಟವಾದಾಗ, 2025ರ ಏಪ್ರಿಲ್‌ನಿಂದ ಅದೇ ಲೈಸೆನ್ಸಿನಲ್ಲಿ 125 ಸಿಸಿ ತನಕ ಓಡಿಸಬಹುದು ಅಂದರು. ಷರತ್ತು ಒಂದೇ: ಶಕ್ತಿ 4 ಕಿಲೋವ್ಯಾಟ್ ಮೀರಬಾರದು. ಪಾತ್ರೆಯ ಬದಲು ಅಡುಗೆ ನೋಡಿದರು.

ಅಷ್ಟು ದೂರ ಹೋಗೋದೂ ಬೇಡ. ಕರ್ನಾಟಕದ್ದೇ ಜೀವಾವಧಿ ರಸ್ತೆ ತೆರಿಗೆ ನೋಡಿ. ಪೆಟ್ರೋಲ್ ಬೈಕಿನ ಬೆಲೆ 1 ಲಕ್ಷ ದಾಟಿದರೆ ಶೇ 18, ಸಿಸಿ ಎಷ್ಟಾದರೂ ಇರಲಿ. ದರ ಹೆಚ್ಚಾಯಿತು ಅಂತ ಜಗಳ ಮಾಡೋಣ, ಮಾಡಲೇಬೇಕು. ಆದರೆ ಅಳತೆಗೋಲಾಗಿ ಬೆಲೆ ಅನ್ನೋದು ಸಿಸಿಗಿಂತ ಪ್ರಾಮಾಣಿಕ. ಬೆಲೆಯನ್ನು ಸ್ಟ್ರೋಕ್ ಕತ್ತರಿಸಿ ಮುಚ್ಚಿಡೋಕಾಗಲ್ಲ.

ಊಹೆ ಮಾಡಿ, ಆದರೆ ಸರಿಯಾಗಿ ಮಾಡಿ

ಹೊಸ ಬೈಕಿನ ಸುದ್ದಿ ಬರೋ ದಾರಿಗಳು ಕೆಲವೇ. ಹೊಸೂರು, ಚಾಕಣ, ಒರಗಡಂ ಸುತ್ತಮುತ್ತ ಮೈತುಂಬ ಸ್ಟಿಕರ್ ಸುತ್ತಿಕೊಂಡು ಓಡೋ ಪರೀಕ್ಷಾ ಬೈಕಿನ ಫೋಟೊ. ವಿನ್ಯಾಸ ನೋಂದಣಿಯ ಚಿತ್ರ. ನವೆಂಬರಿನ ಮಿಲಾನ್ ಮೇಳ. ಮತ್ತೆ, ಮಾರಾಟಕ್ಕೆ ಮುಂಚೆ ಕಡ್ಡಾಯವಾಗಿ ಬೇಕಾದ ಅನುಮೋದನೆ ದಾಖಲೆ. ಫೋಟೊ ನೋಡಿ ಸಿಸಿ ಹೇಳೋಕೆ ಆಗಲ್ಲ. ವಿನ್ಯಾಸ ನೋಂದಣಿ ಆದದ್ದೆಲ್ಲ ಮಾರುಕಟ್ಟೆಗೆ ಬರಲ್ಲ. ಎಂಜಿನ್ ಗಾತ್ರ, ಶಕ್ತಿ ಅಂಕಿಯಲ್ಲಿ ಬರೆದಿರೋದು ಅನುಮೋದನೆ ದಾಖಲೆಯಲ್ಲಿ. ಅದು ಹೊರಬರೋ ತನಕ ಎಲ್ಲವೂ 'ಅಂತೆ'ಯೇ.

ಆದರೆ ನಾನು ಹೇಳಬೇಕು ಅಂತ ಇದ್ದದ್ದು ಇನ್ನೊಂದು. ಮುಂದಿನ ಮಾಡೆಲ್ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಮ್ಮ ಹುಡುಗ ಹುಡುಗಿಯರು ಬೋರ್, ಸ್ಟ್ರೋಕ್, ಟಾರ್ಕ್ ಎಲ್ಲ ಬಾಯಿಪಾಠ ಹೇಳ್ತಾರೆ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರ ಯಾರು ಕೂರ್ತಾರೆ ಅಂತ ಕೇಳಿ, ತಡವರಿಸ್ತಾರೆ. ಕೂರೋದು ಕಂದಾಯ ಸಚಿವ ಕೃಷ್ಣ ಬೈರೇಗೌಡ. ಮಂಡಳಿಯ ಮತದಲ್ಲಿ ಕೇಂದ್ರದ ತೂಕ ಮೂರರಲ್ಲಿ ಒಂದು, ಎಲ್ಲ ರಾಜ್ಯಗಳದ್ದು ಸೇರಿ ಮೂರರಲ್ಲಿ ಎರಡು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಅಂದರೆ ಕೇಂದ್ರ ಒಪ್ಪದೆ ಏನೂ ಆಗಲ್ಲ, ಕೇಂದ್ರ ಒಂದೇ ಮಾಡೋಕೂ ಆಗಲ್ಲ. ಶೇ 40ರಲ್ಲಿ ರಾಜ್ಯಕ್ಕೂ ಪಾಲಿದೆ. ಹಾಗಾಗಿ ಬೆಂಗಳೂರಿಗೂ ಈ ಗೆರೆ ಅಳಿಸೋ ಆತುರ ಇರಲಿಕ್ಕಿಲ್ಲ.

ಸಭೆಗೆ ಮುಂಚೆ ಐಷರ್‌ನ ಸಿದ್ಧಾರ್ಥ ಲಾಲ್ ಎಲ್ಲ ಬೈಕ್‌ಗೂ ಒಂದೇ ಶೇ 18 ಇರಲಿ ಅಂತ ಬಹಿರಂಗವಾಗಿ ಕೇಳಿದ್ದರು. ಅವರ ಕಂಪನಿಯ ಹಿತ ಅದರಲ್ಲಿದೆ, ಕೇಳ್ತಾರೆ. ನಾವು ಕೇಳಬೇಕಾದ್ದು ಅದೇ ಆಗಬೇಕಿಲ್ಲ. ಐಷಾರಾಮಕ್ಕೆ ತೆರಿಗೆ ಹಾಕ್ತೀರಾ, ಬೆಲೆ ಮೇಲೆ ಹಾಕಿ. ಅಪಾಯದ ವೇಗಕ್ಕೆ ಹಾಕ್ತೀರಾ, ಶಕ್ತಿ ಮೇಲೆ ಹಾಕಿ. ಮಾಲಿನ್ಯಕ್ಕೆ ಹಾಕ್ತೀರಾ, ಹೊಗೆ ಅಳೆದು ಹಾಕಿ. ಯಾವುದಕ್ಕೆ ಅಂತ ಹೇಳದೆ ಸಿಸಿ ಮೇಲೆ ಹಾಕಿದರೆ ಕಂಪನಿಗಳು ಎಂಜಿನ್ ಚಿಕ್ಕದು ಮಾಡ್ತವೆ, ಗಿರಾಕಿ ಕಾಯ್ತಾ ಕೂರ್ತಾನೆ, ಸರ್ಕಾರದ ಉದ್ದೇಶ ಏನಿತ್ತೋ ಅದು ಮಾತ್ರ ಈಡೇರಲ್ಲ.

ತಮ್ಮನಿಗೆ ಇಷ್ಟೇ ಹೇಳಿದೆ: "ಬೈಕ್ ಈಗಲೇ ಬೇಕಾದ್ರೆ 350 ಒಳಗಿರೋದು ಓಡಿಸಿ ನೋಡಿ ತಗೋ. ಆ 400ರದ್ದೇ 350 ಬೇಕು ಅಂದ್ರೆ ಅನುಮೋದನೆ ದಾಖಲೆ ಬರೋ ತನಕ ಯಾರ ಮಾತೂ ನಂಬಬೇಡ."

"ಅಲ್ಲ ಅಣ್ಣಾ, ನಾನು ಕಾಯ್ತಾ ಇರುವಾಗ ಅವರು ಗೆರೆಯನ್ನೇ 300ಕ್ಕೆ ಇಳಿಸಿಬಿಟ್ರೆ?"

ಹುಡುಗ ಸರಿಯಾದ ಜಾಗಕ್ಕೆ ಬಂದಿದಾನೆ. ಆ ಪ್ರಶ್ನೆಗೆ ಉತ್ತರ ಷೋರೂಮಿನವರ ಹತ್ತಿರ ಇಲ್ಲ. ನಾವು ಮತ ಹಾಕಿ ಕಳಿಸಿದವರ ಹತ್ತಿರ ಇದೆ.