ಅಮಾವಾಸ್ಯೆ ದಿನದ ಫುಟ್‌ಬಾಲ್

“ನಾಳೆ ಯುಗಾದಿ, ಇವತ್ತು ಅಮಾವಾಸ್ಯೆ. ಇಂಥಾ ದಿನ ಚೆಂಡಾಟ ನೋಡೋಕೆ ಬೆಂಗಳೂರಿಗೆ ಹೋಗ್ತೀಯಾ?” ಅತ್ತೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಓದುವ ಮಗಳು ಮೂರು ವರ್ಷದಿಂದ ಕರೆಯುತ್ತಲೇ ಇದ್ದಳಲ್ಲ! 2025ರ ಮಾರ್ಚ್ 29, ಶನಿವಾರ. ಒಬ್ಬಟ್ಟಿನ ಹೂರಣ ರುಬ್ಬಿ ಫ್ರಿಜ್ಜಿನಲ್ಲಿಟ್ಟು ಬೆಳಗಿನ ಬಸ್ಸಿಗೆ ಕುಂದೂರು ಬಿಟ್ಟೆವು.

ಕಬ್ಬನ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿ ಅಕ್ಕಿರೊಟ್ಟಿ ತಿಂದು, ಸಂಜೆ ಪಕ್ಕದ ಕಂಠೀರವ ಕ್ರೀಡಾಂಗಣಕ್ಕೆ ನಡೆದೆವು. ಬೆಂಗಳೂರು ಎಫ್‌ಸಿಗೂ ಮುಂಬೈ ಸಿಟಿಗೂ ಐಎಸ್‌ಎಲ್ ನಾಕೌಟ್ ಪಂದ್ಯ. ಸೋತವರ ಕಥೆ ಅಲ್ಲಿಗೇ ಮುಗಿಯಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗದವರು ನಿಂತೇ ಹಾಡುತ್ತಾರೆ. ಅವರ ನಡುವೆ ನೀಲಿ ಅಂಗಿ ತೊಟ್ಟು ಕೂಗುತ್ತಿದ್ದ ಮಗಳನ್ನು ಕಂಡು ನನ್ನೆದೆ ಧಸಕ್ಕೆಂದಿತು. ಮನೆಯಲ್ಲಿ ಜೋರಾಗಿ ನಕ್ಕರೂ ಗದರುವವರು ನಾವು! ಯಾರಾದರೂ ನೋಡುತ್ತಿದ್ದಾರೆಯೇ ಎಂದು ನಮ್ಮ ಮನೆಯವರು ಸುತ್ತ ಕಣ್ಣಾಡಿಸಿದರು. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು.

ಬೆಂಗಳೂರಿನವರು ಹೊಡೆದದ್ದು ಐದು ಗೋಲು, ಮುಂಬೈಗೆ ಒಂದೂ ಇಲ್ಲ. ನಾಲ್ಕನೆಯದು 40 ವರ್ಷದ ಸುನಿಲ್ ಚೆಟ್ರಿಯದು. ಆಗ ನಮ್ಮ ಮನೆಯವರೇ ಎದ್ದು ನಿಂತು ಕೂಗಿದರು! (ಆಫ್‌ಸೈಡ್ ಅಂದರೇನು ಅಂತ ನನಗಿನ್ನೂ ತಿಳಿದಿಲ್ಲ ಬಿಡಿ.)

ಹಬ್ಬಕ್ಕೆಂದು ನಮ್ಮ ಜೊತೆ ಹೊರಟ ಮಗಳು ರಾತ್ರಿ ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಬೆಳಿಗ್ಗೆ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ ಅತ್ತೆ ಕೇಳಿದ್ದು ಒಂದೇ: “ನಮ್ಮೋರು ಗೆದ್ರಾ?”